ಅಪ್‌ಡೇಟ್: ಮುಧೋಳ ನಾಯಿಮರಿಯ ಊಟದ ಲೆಕ್ಕ ಸಿಕ್ತು

3 ತಿಂಗಳ, 6 ಕೆಜಿ ಮುಧೋಳ ಮರಿಗೆ ದಿನಕ್ಕ ಎಷ್ಟು ಹಾಕಬೇಕು ಅಂತ ಬಾಗಲಕೋಟೆಯಿಂದ ಕೇಳಿದ್ದೆನಲ್ಲ, ಕ್ಯಾಲ್ಕುಲೇಟರ್ ಲೆಕ್ಕ ಹೇಳಿದವರದೇ ಸರಿ ಬಂತು. ತೂಕ 6 ಕೆಜಿ, ಹಂಗಾಗಿ 6×6×6, ಆಮೇಲೆ ವರ್ಗಮೂಲದ ಬಟನ್ ಎರಡು ಸಲ, ಬಂದದ್ದಕ್ಕ 70ರಿಂದ ಗುಣಿಸಿದ್ರ 268 ಕಿಲೊಕ್ಯಾಲೊರಿ, ಅಂದ್ರ ಸುಮ್ಮನೆ ಮಲಗಿದ್ರೂ ದಿನಕ್ಕ ಬೇಕಾಗೋ ಶಕ್ತಿ. 4 ತಿಂಗಳತನಕ ಅದರ 3 ಪಟ್ಟು, ಅಂದ್ರ 800ರ ಆಸುಪಾಸು. 100 ಗ್ರಾಂಗೆ 360 ಕಿಲೊಕ್ಯಾಲೊರಿ ಇರೋ ಪಪ್ಪಿ ಫುಡ್ ಆದ್ರ 220 ಗ್ರಾಂ, 4 ಹೊತ್ತಿಗೆ ಹಂಚಿ. ತಕ್ಕಡಿಯಲ್ಲೇ ತೂಗ್ರಿ, ಲೋಟದ ಅಳತಿ ನಂಬಬ್ಯಾಡ್ರಿ.

ಹಾಲು-ರೊಟ್ಟಿ ಹಾಕ್ರಿ ಅಂತ ಬಂದ ಸಲಹೆ ಕೈಕೊಡ್ತು, ಮರಿಗೆ ಭೇದಿ ಆತು. ಕ್ಯಾಲ್ಸಿಯಂ ಪುಡಿನೂ ಬ್ಯಾಡ. ಪಪ್ಪಿ ಫುಡ್‌ನ್ಯಾಗ ಇದ್ದೇ ಇರ್ತದ, ಹೆಚ್ಚಾದ್ರ ಎಲುಬಿನ ಬೆಳವಣಿಗಿ ಕೆಡ್ತದ.

ಗೊತ್ತಿರದ ಸಂಗತಿ ಅಂದ್ರ, 4 ತಿಂಗಳ ಮ್ಯಾಲೆ 2 ಪಟ್ಟು ಸಾಕು. 10 ಕೆಜಿ ಆದಾಗ ಆ ತೂಕದಿಂದ ಮತ್ತ ಲೆಕ್ಕ ಹಾಕಿದ್ರೂ 790ರಷ್ಟೇ, ಊಟ ಏರಂಗಿಲ್ಲ! ಕೊನೆಯ ಒಂದೆರಡು ಪಕ್ಕೆಲುಬು ಕಾಣೋದು ಈ ತಳಿಗೆ ಸಹಜ. ಸೊಂಟದ ಎಲುಬು ಎದ್ದು ಕಂಡ್ರ ಮಾತ್ರ ಶೇ. 10 ಹೆಚ್ಚಿಸ್ರಿ.