ಹಲಸೂರು ಗೇಟ್‌ನಲ್ಲಿ ಗೇಟೂ ಇಲ್ಲ, ಹಲಸೂರೂ ಇಲ್ಲ!

ಪೇಟೆಗೆ ಹೊಸಬ:
ತಂಗಿ ಮದುವೆ ಕಾರ್ಡ್ ಮಾಡಿಸೋಕೆ ಹೊರಟಿದ್ದೆ. ಅಂಗಡಿಯವರು ‘ಹಲಸೂರು ಗೇಟ್ ಪೊಲೀಸ್ ಸ್ಟೇಷನ್ ಹತ್ರ ಬನ್ನಿ’ ಅಂದ್ರು. ನಾನು ಮಹಾ ಬುದ್ಧಿವಂತ, ಮೆಟ್ರೊ ಹತ್ತಿ ಹಲಸೂರಲ್ಲಿ ಇಳಿದೆ. ಆಟೋದವನು ಕಾರ್ಪೊರೇಷನ್ ಹತ್ರ ತಂದು ಬಿಟ್ಟ. ಅಲ್ಲಿ ಗೇಟೂ ಇಲ್ಲ! ಏನ್ ಕತೆ ಇದು?

ದೊಡ್ಡಪೇಟೆ ತಾತ:
ಊರಿಂದ ಬಂದ ಹೊಸದರಲ್ಲಿ ನಾನೂ ಹೀಗೇ ಏಮಾರಿದ್ದೆ ಬಿಡಪ್ಪ. ಕೋಟೆ ಬಾಗಿಲಿಗೆ ಅದು ಇರೋ ಜಾಗದ ಹೆಸರಿಡಲ್ಲ, ಅದನ್ನ ದಾಟಿ ಯಾವೂರಿಗೆ ಹೋಗ್ತೀವೋ ಆ ಊರಿನ ಹೆಸರು. 1537ರಲ್ಲಿ ಕೆಂಪೇಗೌಡರು ಪೇಟೆ ಸುತ್ತ ಮಣ್ಣಿನ ಕೋಟೆ ಕಟ್ಟಿಸಿದರು. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ್ದು, ಉತ್ತರಕ್ಕೆ ಯಲಹಂಕದ್ದು. ಮೈಸೂರು ಬ್ಯಾಂಕ್ ಸರ್ಕಲ್ ಹತ್ರ ಯಲಹಂಕ ಗೇಟ್ ಆಂಜನೇಯ ಇದಾನಲ್ಲ, ಅವನು ಆ ಬಾಗಿಲಿನ ಗುರುತು.

ನೀನು ಆಟೋ ಇಳಿದ ಜಾಗ ಸಾಮಾನ್ಯದ್ದಲ್ಲ. ಟಿಪ್ಪು ಕಾಲದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ದಂಡು ಪೇಟೆಗೆ ನುಗ್ಗಿದ್ದು ಅಲ್ಲೇ, 1791ರ ಮಾರ್ಚ್ 7ರಂದು. ಹೊರಗೆ ಕಂದಕ, ಮುಳ್ಳುಬೇಲಿ. ಬಾಗಿಲು ಒಡೆಯೋಕೆ ಫಿರಂಗಿಯನ್ನೇ ಎದುರಿಗೆ ತರಬೇಕಾಯ್ತು. ಅವರ ಕರ್ನಲ್ ಮೂರ್‌ಹೌಸ್ ಸತ್ತದ್ದು ಆ ಬಾಗಿಲಲ್ಲೇ. ಪೇಟೆ ಅವತ್ತೇ ಹೋಯ್ತು, ಪೇಟೆ ಪಕ್ಕದ ಕಲ್ಲಿನ ಕೋಟೆ ಮಾತ್ರ 21ರ ರಾತ್ರಿವರೆಗೂ ನಿಂತಿತ್ತು. ಆ ಕೋಟೆಯ ಅಧಿಕಾರಿ, ಕಿಲ್ಲೇದಾರ್ ಬಹಾದುರ್ ಖಾನ್ ಓಡಿಹೋಗದೆ ಕಾದಾಡಿ ಸತ್ತ. ಬ್ರಿಟಿಷರು ತಮ್ಮ ಕಡೆ ಸತ್ತವರಿಗೆ ಅಲ್ಲೇ ಹತ್ರದಲ್ಲಿ ಸ್ಮಾರಕ ಎಬ್ಬಿಸಿದ್ದರು, 1964ರಲ್ಲಿ ಕೆಡವಿದರು. ಇವತ್ತಿನ ನೃಪತುಂಗ ರಸ್ತೆಗೆ ಮೊದಲು ಸೆನೊಟಾಫ್ ರೋಡ್, ಅಂದ್ರೆ ಸ್ಮಾರಕದ ರಸ್ತೆ ಅಂತ್ಲೇ ಹೆಸರು. ಈಗ ಬಾಗಿಲಿಲ್ಲ, ಸ್ಮಾರಕ ಇಲ್ಲ. ಹೆಸರು ಕಾಯ್ತಿರೋರು ಪೊಲೀಸರು!

ಕೋರಮಂಗಲದವಳು:
ಬಾಗಿಲು ನಿಲ್ಲಲಿ ಅಂತ ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ಪ್ರಾಣ ಕೊಟ್ಟಿದ್ದು ಇದಕ್ಕೇನಾ?

ದೊಡ್ಡಪೇಟೆ ತಾತ:
ಅಲ್ಲಮ್ಮ, ಆ ಕತೆ ದಕ್ಷಿಣದ ಬಾಗಿಲಿಗೆ ಸೇರಿದ್ದು. ಕತೆ ಅಂತಲೇ ಅನ್ನೋಣ, ಜನರ ಬಾಯಿಂದ ಬಾಯಿಗೆ ಬಂದದ್ದು. ಆಕೆ ಸಮಾಧಿ ನಿಮ್ಮ ಕೋರಮಂಗಲದಲ್ಲೇ ಇದೆ, ಒಂದ್ಸಲ ಹೋಗಿ ಬಾ.

ಪೇಟೆಗೆ ಹೊಸಬ:
ಹಾಗಾದ್ರೆ ಕಣ್ಣಿಗೆ ಕಾಣೋ ಬಾಗಿಲು ಒಂದೂ ಉಳಿದಿಲ್ವಾ ತಾತ?

ದೊಡ್ಡಪೇಟೆ ತಾತ:
ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋಗು. ದಿಲ್ಲಿ ಬಾಗಿಲು ಗಟ್ಟಿಯಾಗಿ ನಿಂತಿದೆ, ಹೈದರ್ ಅಲಿ ಕಾಲದ ಕಲ್ಲುಗೆಲಸ. ದಿಲ್ಲಿ ಬಾಗಿಲು ಅಂದ್ರು ಅಂತ ರೈಲು ಹತ್ತಬೇಡ ಮತ್ತೆ.

ಪೇಟೆಗೆ ಹೊಸಬ:
😀 ಛತ್ರದ ವಿಳಾಸದಲ್ಲಿ ‘ಹಲಸೂರು ಗೇಟ್ ಹತ್ತಿರ’ ಅಂತ ಪ್ರಿಂಟ್ ಆಗೋಗಿದೆ, 400 ಕಾರ್ಡ್!