ಪೇಡಾ ಹೊತ್ತ ಕೇಕ್

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಹಳೇ ವಾಡೆ’. ವಾಡೆ ಮಾರಿ ಎಷ್ಟೋ ವರ್ಷ ಆಯಿತು, ಹೆಸರು ಮಾತ್ರ ಉಳಿದಿದೆ. ಧಾರವಾಡ, ಬೆಳಗಾವಿ, ಬೆಂಗಳೂರು, ಪುಣೆ ಎಲ್ಲ ಸೇರಿ 31 ಜನ. ಅಡ್ಮಿನ್ ನಾನು. ದಿನಾ ಬೆಳಗ್ಗೆ ಸೂರ್ಯೋದಯದ ಚಿತ್ರ, ಏಕಾದಶಿ ಇವತ್ತೋ ನಾಳೆಯೋ ಅನ್ನುವ ಪ್ರಶ್ನೆ, ಯಾರದೋ ಮಂಡಿನೋವಿಗೆ ಯಾರದೋ ಎಣ್ಣೆ. ಇಷ್ಟೇ. ಆದರೆ ಹೋದ ಮೇ ತಿಂಗಳಲ್ಲಿ ಒಂದು ಕೇಕಿನ ಫೋಟೋಗೆ ಒಂದೇ ದಿನ 140 ಮೆಸೇಜ್ ಬಂದವು.

ಹಿಂದಿನ ಸಂಜೆ ಪುಣೆಯ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಅಜ್ಜನಿಗೆ ಎಂಬತ್ತರ ಹುಟ್ಟುಹಬ್ಬ. ನನಗೆ ಮಾವ, ಗುಂಪಿಗೆಲ್ಲ ಅಜ್ಜ. ಮೈದುನನ ಮಗಳು ಚಿನ್ನಿ ಎರಡು ರಾತ್ರಿ ನಿದ್ದೆಗೆಟ್ಟು ಕೇಕ್ ಮಾಡಿದ್ದಳು. ಭಾನುವಾರ ಬೆಳಗ್ಗೆ ಫೋಟೋ ಹಾಕಿದಳು. ಬಿಳಿ ಕ್ರೀಮಿನ ಎತ್ತರದ ಕೇಕ್, ಸುತ್ತ ಪಿಸ್ತಾ ಪುಡಿ, ನೆತ್ತಿಯ ಮೇಲೆ ಆರು ಪೇಡಾ. ಕೆಳಗೆ ಬರೆದಿದ್ದಳು: ‘ಅಜ್ಜನಿಗಾಗಿ ಧಾರವಾಡ ಪೇಡಾ ಕೇಕ್!’

ಮೊದಲ ಇಪ್ಪತ್ತು ಮೆಸೇಜ್ ಬರೀ ಹೆಬ್ಬೆರಳು, ಹೂವು. ಅವನ್ನು ಬಿಡುತ್ತೇನೆ. ಆಮೇಲಿನದು ಇದು.

ಬೆಳಗಾವಿ ಕಾಕು: ಎಷ್ಟು ಚಂದ ಮಾಡಿದ್ದೀ ಪುಟ್ಟಿ. ಮೊಟ್ಟೆ ಹಾಕಿಲ್ಲ ತಾನೆ?

ಚಿನ್ನಿ: ಇಲ್ಲ ಕಾಕು. ಮೊಸರು, ಅಡುಗೆ ಸೋಡಾ ಅಷ್ಟೇ.

ಧಾರವಾಡ ಮಾಮಾ: ಪೇಡಾ ಎಲ್ಲಿದೆ?

ಚಿನ್ನಿ: ಮೇಲೆ ಇದೆಯಲ್ಲ ಮಾಮಾ. ನೀವು ಕಳಿಸಿದ್ದೇ.

ಧಾರವಾಡ ಮಾಮಾ: ಮೇಲಿರುವುದು ಕಾಣುತ್ತಿದೆ. ಒಳಗೆ ಏನಿದೆ?

ಚಿನ್ನಿ: ವೆನಿಲಾ ಸ್ಪಂಜ್. ನಡುವಿನ ಕ್ರೀಮಿನಲ್ಲಿ ಎರಡು ಪೇಡಾ ಪುಡಿ ಮಾಡಿ ಉದುರಿಸಿದ್ದೇನೆ.

ಧಾರವಾಡ ಮಾಮಾ: ಹಾಗಾದರೆ ಇದು ಪೇಡಾ ಕೇಕ್ ಅಲ್ಲ. ಪೇಡಾ ಹೊತ್ತ ಕೇಕ್. ನಾನು ತಲೆ ಮೇಲೆ ಟೋಪಿ ಇಟ್ಟುಕೊಂಡರೆ ಟೋಪಿ ಆಗುತ್ತೇನಾ?

ಇಲ್ಲಿಗೆ ಗುಂಪು ಒಂದು ನಿಮಿಷ ಸುಮ್ಮನಾಯಿತು. ‘ಟೈಪ್ ಮಾಡುತ್ತಿದ್ದಾರೆ’ ಅಂತ ನಾಲ್ಕು ಹೆಸರು ಒಟ್ಟಿಗೇ ಕಾಣಿಸಿಕೊಂಡವು. ಅಡ್ಮಿನ್ ಆದವಳಿಗೆ ಅದಕ್ಕಿಂತ ಭಯದ ದೃಶ್ಯ ಬೇರೆ ಇಲ್ಲ.

ನಿಗಡಿ ಅತ್ತಿ: ಮಗು ಎರಡು ರಾತ್ರಿ ಎದ್ದು ಕೂತು ಮಾಡಿದೆ. ಛಲೋ ಆಗಿದೆ ಅಂದರೆ ಬಾಯಿ ಸವೆಯುತ್ತಾ?

ಧಾರವಾಡ ಮಾಮಾ: ಛಲೋ ಆಗಿಲ್ಲ ಅಂತ ನಾನೆಲ್ಲಿ ಹೇಳಿದೆ? ಹೆಸರು ತಪ್ಪು ಅಂತ ಹೇಳಿದೆ. ವಂದೇ ಭಾರತ್‌ನಲ್ಲಿ ಬರುವವರ ಕೈಯಲ್ಲಿ ಎರಡು ಕಿಲೋ ಕಳಿಸಿದ್ದೆ. ಅದರಲ್ಲಿ ಎಂಟು ಪೇಡಾ ಬಳಸಿ ಇಡೀ ಧಾರವಾಡದ ಹೆಸರು ಇಟ್ಟರೆ ಹೇಗೆ? ಧಾರವಾಡ ಪೇಡಾಕ್ಕೆ ಜಿಐ ಪಟ್ಟ ಇದೆ, ಈ ಹೆಸರು ಈ ಊರಿನದಕ್ಕೇ ಅನ್ನುವ ಸರ್ಕಾರಿ ಗುರುತು. ನಂಬರ್ 85.

ಬೆಂಗಳೂರು ಅಣ್ಣ: ಮನೆ ಕೇಕಿಗೆ ಜಿಐ ಪೊಲೀಸ್ ಬರುತ್ತಾರಾ ಮಾಮಾ? ಇಲ್ಲಿ ಬೇಕರಿಗಳಲ್ಲಿ ರಸಮಲೈ ಕೇಕ್, ಗುಲಾಬ್ ಜಾಮೂನ್ ಕೇಕ್, ಮೋತಿಚೂರ್ ಕೇಕ್ ಎಲ್ಲಾ ಇದೆ. ಎಲ್ಲವೂ ಹೀಗೇ. ಕೇಕ್ ಮಾಡು, ಮೇಲೆ ಸ್ವೀಟ್ ಕೂರಿಸು.

ಧಾರವಾಡ ಮಾಮಾ: ಎಲ್ಲರೂ ತಪ್ಪು ಮಾಡುತ್ತಾರೆ ಅಂತ ನಮ್ಮ ಹುಡುಗಿಯೂ ಮಾಡಬೇಕಾ?

ಬೆಂಗಳೂರು ಅಣ್ಣ: ಪೇಡಾ ಮಾತ್ರ ನಿಮ್ಮ ಊರಿನದಾ? ಅದನ್ನು ಶುರು ಮಾಡಿದ ಠಾಕೂರ್ ಮನೆಯವರು ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದವರು. ಅಲ್ಲಿ ಪ್ಲೇಗ್ ಬಂತು ಅಂತ ಊರು ಬಿಟ್ಟರು. ಅವರು ತಂದದ್ದು ಧಾರವಾಡದ್ದಾಯಿತು, ಚಿನ್ನಿ ಮಾಡಿದ್ದು ಯಾಕೆ ಆಗಬಾರದು?

ಧಾರವಾಡ ಮಾಮಾ: ನಾನು ಬೆಳೆದದ್ದೇ ಅವರ ಅಂಗಡಿ ಇರುವ ಲೈನ್ ಬಜಾರಿನಲ್ಲಿ, ನನಗೇ ಆ ಕಥೆ ಹೇಳಬೇಡ. ಅವರು ಉನ್ನಾವ್‌ನಿಂದ ಪೇಡಾ ಹೊತ್ತು ತಂದು ನಮ್ಮ ರೊಟ್ಟಿ ಮೇಲೆ ಇಟ್ಟು ‘ಪೇಡಾ ರೊಟ್ಟಿ’ ಅಂತ ಮಾರಲಿಲ್ಲ. ಇಲ್ಲಿನ ಗೌಳಿಗರ ಎಮ್ಮೆ ಹಾಲು ತಗೊಂಡು, ಗಂಟೆಗಟ್ಟಲೆ ಒಲೆ ಮುಂದೆ ಕೂತು ಹುರಿದರು. ಹುರಿದದ್ದಕ್ಕೆ ಅದು ಧಾರವಾಡ ಪೇಡಾ. ಇಲ್ಲದಿದ್ದರೆ ಮಥುರಾ ಪೇಡಾದ ತಮ್ಮ ಆಗುತ್ತಿತ್ತು, ಅಷ್ಟೇ.

ಬೆಳಗಾವಿ ಕಾಕು: ಪೇಡಾ ಬದಲು ನಮ್ಮ ಬೆಳಗಾವಿ ಕುಂದಾ ಹಾಕಿದ್ದರೆ ಇನ್ನೂ ಛಲೋ ಇರುತ್ತಿತ್ತು. ಮೆತ್ತಗೆ ಇರುತ್ತೆ, ಅಜ್ಜನ ಹಲ್ಲಿಗೂ ಆರಾಮ.

ಧಾರವಾಡ ಮಾಮಾ: ಕುಂದಾ ನಡುವೆ ತರಬೇಡಿ ವೈನಿ.

ಮುಂದಿನ 40 ಮೆಸೇಜ್ ಕುಂದಾ ಮತ್ತು ಪೇಡಾ. ಇದು ನಮ್ಮ ಮನೆಯ ಹಳೇ ಕಾಯಿಲೆ. ಯಾರ ಮದುವೆ ಮಾತು ಶುರುವಾದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಅದನ್ನು ದಾಟಿ ಮುಂದೆ ಹೋಗೋಣ.

ನಿಗಡಿ ಅತ್ತಿ: ಆದರೂ ಕ್ರೀಮ್ ಒಂದು ಸ್ವಲ್ಪ ಹಾಗೆ ಇತ್ತು. ನಾಲಿಗೆಗೆ ಮೇಣ ಹಚ್ಚಿದ ಹಾಗೆ. ಬೇಜಾರು ಮಾಡ್ಕೋಬೇಡ ಚಿನ್ನಿ.

ಚಿನ್ನಿ: ಅತ್ತಿ, ಅದು ಹಾಲಿನ ಕ್ರೀಮ್ ಅಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬದ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ. 25 ಇರುತ್ತೆ. ಎಷ್ಟು ಬೀಸಿದರೂ ಗಟ್ಟಿ ನಿಲ್ಲಲ್ಲ. ಶೇ. 35ರ ಹತ್ತಿರ ಬೇಕು. ಅದು ಸಿಕ್ಕರೂ ಪುಣೆಯ ಮೇ ಸೆಕೆಗೆ ಹತ್ತು ನಿಮಿಷದಲ್ಲಿ ಜಾರಿ ಹೋಗುತ್ತೆ. ಅದಕ್ಕೇ ಎಲ್ಲರೂ ತಾಳೆ ಎಣ್ಣೆಯಂಥ ಕೊಬ್ಬಿನಿಂದ ಮಾಡಿದ್ದನ್ನೇ ಬಳಸುತ್ತಾರೆ.

ಧಾರವಾಡ ಮಾಮಾ: ಎಮ್ಮೆ ಹಾಲಿನ ಪೇಡಾವನ್ನು ಎಣ್ಣೆಯ ನೊರೆ ಮೇಲೆ ಕೂರಿಸಿದ್ದೀ ಅಂದ ಹಾಗಾಯಿತು.

ಇಷ್ಟು ಹೊತ್ತು ನಾನು ಬಾಯಿ ಬಿಟ್ಟಿರಲಿಲ್ಲ. ಬಿಡಲು ಮನಸ್ಸೂ ಇರಲಿಲ್ಲ. ಯಾಕೆಂದರೆ ಗುಂಪಿನಲ್ಲಿ ಯಾರೂ ಬರೆಯದ ಒಂದು ವಿಷಯ ನಾನು ನೋಡಿದ್ದೆ. ಅಜ್ಜ ಚಾಕು ಇಟ್ಟ ತಕ್ಷಣ ನೆತ್ತಿಯ ಪೇಡಾ ಒಂದು ಜಾರಿ ತಟ್ಟೆಗೆ ಉರುಳಿತು. ಅಜ್ಜ ಅದನ್ನು ಎತ್ತಿಕೊಂಡರು. ಅಂಟಿದ್ದ ಬಿಳಿ ಕ್ರೀಮನ್ನು ಬೆರಳಿನಿಂದ ಒರೆಸಿ, ಬೆರಳನ್ನು ಟಿಶ್ಯೂಗೆ ಒರೆಸಿ, ಪೇಡಾ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ತಿಂದರು. ಕೇಕಿನ ತುಂಡು ಅರ್ಧ ಗಂಟೆ ಹಾಗೇ ಇತ್ತು. ಆಮೇಲೆ ನಾನೇ ಎತ್ತಿ ಫ್ರಿಜ್ಜಿನಲ್ಲಿಟ್ಟೆ. ಚಿನ್ನಿಯೂ ಅದನ್ನು ನೋಡಿದ್ದಳು. ಹಾಗಾಗಿ ಮಾಮಾನ ಟೋಪಿ ಜೋಕಿಗೆ ನನಗೆ ನಗು ಬರಲಿಲ್ಲ. ಆದರೆ ಮಾಮಾ ಹೇಳಿದ್ದು ಸರಿ ಅಂತಲೂ ಅನಿಸುತ್ತಿತ್ತು.

ಕೊನೆಗೆ ಬರೆದೆ.

ನಾನು: ಮಾಮಾ, ಹೇಳುವ ರೀತಿ ಸರಿ ಇಲ್ಲ, ಹೇಳಿದ್ದು ಸರಿ ಇದೆ. ಚಿನ್ನಿ, ಪೇಡಾದ ರುಚಿ ಅದರ ಆಕಾರದಲ್ಲಿಲ್ಲ, ಹುರಿದ ಖೋವಾದಲ್ಲಿದೆ. ಹಾಲಿನ ಸಕ್ಕರೆ, ಹಾಲಿನ ಪ್ರೋಟೀನು ಎರಡೂ ಬಿಸಿಗೆ ಸೇರಿ ಕಂದಾಗುತ್ತವಲ್ಲ, ಆ ವಾಸನೆ. ಅದನ್ನು ಹಿಟ್ಟಿನೊಳಗೆ ತಂದರೆ ಮೇಲೆ ಏನೂ ಇಡಬೇಕಿಲ್ಲ. ಖೋವಾ ಹಾಕಿ ಕೇಕ್ ಮಾಡುವುದೇನು ಹೊಸದಲ್ಲ. ಇಲ್ಲೇ ಪುಣೆ ಕ್ಯಾಂಪಿನ ಕಯಾನಿ ಬೇಕರಿಯ ಮಾವಾ ಕೇಕ್ ತಿಂದಿದ್ದೀಯಲ್ಲ? ಮಾವಾ ಅಂದರೆ ಖೋವಾನೇ. ಮುಂಬೈ ಗ್ರಾಂಟ್ ರೋಡ್ ಸ್ಟೇಷನ್ ಎದುರಿನ ಮೆರ್ವಾನ್ ಬೇಕರಿ ಅಂತೂ 1914ರದ್ದು. ಆ ಬೇಕರಿಗಳ ಇರಾನಿಯವರು ಮೇಲೆ ಪೇಡಾ ಕೂರಿಸಲಿಲ್ಲ, ಖೋವಾ ಮತ್ತು ಏಲಕ್ಕಿಯನ್ನು ಹಿಟ್ಟಿಗೇ ಕಲಸಿದರು. ಅದರಲ್ಲಿ ಖೋವಾ ಹುರಿದಿರುವುದಿಲ್ಲ. ನೀನು ಹುರಿ. ಧಾರವಾಡದ್ದಾಗುತ್ತೆ.

ಬೆಂಗಳೂರು ಅಣ್ಣ: ವೈನಿ ಬಾಂಬ್ ಹಾಕಿದರು.

ಚಿನ್ನಿ: ಹೇಗೆ ಹುರಿಯುವುದು?

ನಾನು: ಗಟ್ಟಿ ಖೋವಾ ತಗೋ, ಪೇಡಾಕ್ಕೆ ಬಳಸುವ ಬಟ್ಟಿ ಖೋವಾ. ಗುಲಾಬ್ ಜಾಮೂನಿನ ಮೆತ್ತನೆಯದು ಬೇಡ, ಅದರಲ್ಲಿ ನೀರು ಜಾಸ್ತಿ. 250 ಗ್ರಾಂ ತುರಿದು ದಪ್ಪ ತಳದ ಬಾಣಲೆಗೆ ಹಾಕು. ಸಣ್ಣ ಉರಿ. ಮೊದಲು ಕರಗಿ ಅಂಟಂಟಾಗುತ್ತೆ, ಹೆದರಬೇಡ. ತಳ ಹಿಡಿದರೆ ಒಂದು ಚಮಚ ಹಾಲು ಚಿಮುಕಿಸಿ ಕೆರೆ. ಬಿಸ್ಕೆಟ್ ಬಣ್ಣ ಬಂದಾಗ ಎಲ್ಲರೂ ಇಳಿಸುತ್ತಾರೆ. ಇಳಿಸಬೇಡ. ತುಪ್ಪ ಬಿಟ್ಟು ಮರಳು ಮರಳಾಗಿ, ಹಳೇ ಹೆಂಚಿನ ಬಣ್ಣ ಬರಬೇಕು. ಅರ್ಧ ಗಂಟೆ ಹಿಡಿಯುತ್ತೆ. ಕೈ ನೋಯುತ್ತೆ.

ಧಾರವಾಡ ಮಾಮಾ: ಹೆಂಚಿನ ಬಣ್ಣ. ಸರಿಯಾಗಿ ಹೇಳಿದಿರಿ.

ನಾನು: ಆಮೇಲೆ 150 ಗ್ರಾಂ ತೂಕ ಮಾಡಿ, 120 ಎಂಎಲ್ ಬಿಸಿ ಹಾಲಿನಲ್ಲಿ ನೆನೆಸಿ ಮಿಕ್ಸಿಗೆ ಒಂದೇ ಸುತ್ತು. ಪೂರ್ತಿ ನುಣ್ಣಗೆ ಬೇಡ, ಹಲ್ಲಿಗೆ ಸ್ವಲ್ಪ ತರಿ ಸಿಗಲಿ. ಆರಿದ ಮೇಲೇ ಹಿಟ್ಟಿಗೆ ಸೇರಿಸು. ಮೈದಾ 150 ಗ್ರಾಂ, ಬೆಣ್ಣೆ 80, ಪುಡಿ ಸಕ್ಕರೆ 130, ಮೊಸರು 120. ಬೇಕಿಂಗ್ ಪೌಡರ್ ಒಂದು ಚಮಚ, ಸೋಡಾ ಕಾಲು ಚಮಚ, ಏಲಕ್ಕಿ. ಏಳಿಂಚಿನ ಡಬ್ಬಿ, 160 ಡಿಗ್ರಿ, 50 ನಿಮಿಷ. 180 ಇಟ್ಟರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತೆ, ಖೋವಾ ಬೇಗ ಕಂದುತ್ತೆ.

ಬೆಣ್ಣೆಯ ಬಗ್ಗೆ ಒಂದು ಮಾತು ಗುಂಪಿನಲ್ಲಿ ಬರೆಯಲಿಲ್ಲ, ಇಲ್ಲಿ ಬರೆಯುತ್ತೇನೆ. ನಾನು ಮೊದಲ ಸಲ ಮಾಡಿದಾಗ ಸಾದಾ ಕೇಕಿನ ಲೆಕ್ಕದಲ್ಲಿ 150 ಗ್ರಾಂ ಬೆಣ್ಣೆ ಸುರಿದಿದ್ದೆ. ಖೋವಾದಲ್ಲೇ ಬೇಕಾದಷ್ಟು ಕೊಬ್ಬು ಇರುತ್ತದೆ ಅನ್ನುವುದು ತಲೆಗೇ ಬರಲಿಲ್ಲ. ಕೇಕಿನ ನಡು ಬಾವಿಯ ಹಾಗೆ ಕುಸಿದು, ಅದರಲ್ಲಿ ತುಪ್ಪ ನಿಂತಿತ್ತು. ಯಜಮಾನರು ಅದಕ್ಕೆ ಚಪಾತಿ ಅದ್ದಿ ತಿಂದರು.

ಚಿನ್ನಿ: ಅಷ್ಟೆಲ್ಲ ಯಾಕೆ ದೊಡ್ಡಮ್ಮ? ಮಾಮಾ ಕಳಿಸಿದ ಪೇಡಾ ಇನ್ನೂ ಒಂದು ಕಿಲೋ ಇದೆ. ಅದೇ ಹುರಿದ ಖೋವಾ ಅಲ್ವಾ? ಮಿಕ್ಸಿಗೆ ಹಾಕಿ ಹಿಟ್ಟಿಗೆ ಸೇರಿಸಿದರೆ?

ಧಾರವಾಡ ಮಾಮಾ: ಪೇಡಾ ಮಿಕ್ಸಿಗಾ?

ಧಾರವಾಡ ಮಾಮಾ: ಮಿಕ್ಸಿಗೆ???

ಬೆಂಗಳೂರು ಅಣ್ಣ: ಮಾಮಾನ ಬಿಪಿ ನೋಡಿ ಯಾರಾದರೂ.

ನಾನು: ನಡೆಯುತ್ತೆ ಚಿನ್ನಿ. 200 ಗ್ರಾಂ ಪೇಡಾ ಹಾಕಿ ಸಕ್ಕರೆ ಅರ್ಧಕ್ಕೆ ಇಳಿಸು. ಪೇಡಾದ ಒಳಗೂ ಇದೆ, ಮೇಲೆ ಹೊರಳಿಸಿದ್ದೂ ಸಕ್ಕರೆಯೇ.

ಧಾರವಾಡ ಮಾಮಾ: ನೀವೂ ಹೀಗಾ? ಒಂದು ಲೀಟರ್ ಎಮ್ಮೆ ಹಾಲಿಗೆ ಖೋವಾ ಇಳಿಯುವುದು 200 ಗ್ರಾಂ ಸುಮಾರು. ಅದನ್ನು ಹುರಿದು, ಕೈಯಲ್ಲಿ ಕಟ್ಟಿ, ಒಬ್ಬ ಮನುಷ್ಯ ಮಾಡಿ ಮುಗಿಸಿದ ಕೆಲಸ ಅದು. ಮುಗಿದದ್ದನ್ನು ಒಡೆದು ಮತ್ತೆ ಮೊದಲಿನಿಂದ ಬೇಯಿಸುತ್ತೀರಾ? ಬೇಡ. ಖೋವಾ ತಂದು ಹುರಿ ಮಗಳೇ. ಕೈ ನೋಯಲಿ.

ಚಿನ್ನಿ: ಇದೆಲ್ಲ ಹುಟ್ಟುಹಬ್ಬಕ್ಕೆ ಮುಂಚೆ ಹೇಳಬಹುದಿತ್ತಲ್ಲ? ಒಂದು ವಾರದಿಂದ ಪೇಡಾ ಕೇಕ್ ಮಾಡ್ತೀನಿ, ಪೇಡಾ ಕೇಕ್ ಮಾಡ್ತೀನಿ ಅಂತ ಇದೇ ಗುಂಪಿನಲ್ಲಿ ಬರೆದಿದ್ದೆ. ಎಲ್ಲರೂ ಹೆಬ್ಬೆರಳು ಹಾಕಿದಿರಿ.

ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದೆ. ನಿಜ. 11 ಹೆಬ್ಬೆರಳು. ಒಂದು ನನ್ನದು, ಒಂದು ಮಾಮಾನದು.

ಮಧ್ಯಾಹ್ನ 2 ಗಂಟೆಗೆ ಪರದೆಯ ಮೇಲೆ ಸಣ್ಣ ಬೂದು ಅಕ್ಷರ ಬಂತು. ಚಿನ್ನಿ ಗುಂಪು ಬಿಟ್ಟಿದ್ದಳು.

ನಿಗಡಿ ಅತ್ತಿ: ಸಮಾಧಾನ ಆಯ್ತಾ ಈಗ?

ಮಾಮಾ ಏನೂ ಬರೆಯಲಿಲ್ಲ. ಸಂಜೆ ನನಗೆ ಫೋನ್ ಮಾಡಿ ಬಿಸಿಲು, ಮಳೆ, ಮಂಡಿನೋವು ಎಲ್ಲ ಮಾತಾಡಿದರು. ಇಡುವ ಮುಂಚೆ, “ಪುಣೆಯಲ್ಲಿ ಎಮ್ಮೆ ಹಾಲಿನ ಗಟ್ಟಿ ಖೋವಾ ಎಲ್ಲಿ ಸಿಗುತ್ತೆ, ಅವಳಿಗೆ ಹೇಳಿ. ನಿಮ್ಮ ಊರಿನ ಎಷ್ಟೋ ಅಂಗಡಿಗಳು ಮಧ್ಯಾಹ್ನ 1ರಿಂದ 4 ಮಲಗಿರುತ್ತವೆ, ಬೆಳಗ್ಗೆಯೇ ಹೋಗಲಿ,” ಅಂದರು.

ಮುಂದಿನ ಭಾನುವಾರ ಚಿನ್ನಿ ನನಗೆ ಒಂದೇ ಸಾಲು ಕಳಿಸಿದಳು: ‘ದೊಡ್ಡಮ್ಮ, ಗುಂಪಿಗೆ ಸೇರಿಸಿ.’ ಸೇರಿಸಿದೆ. ಫೋಟೋ ಬಂತು. ಕ್ರೀಮ್ ಇಲ್ಲ, ಪಿಸ್ತಾ ಇಲ್ಲ, ನೆತ್ತಿಯ ಮೇಲೆ ಏನೂ ಇಲ್ಲ. ಕಂದು ಬಣ್ಣದ ಗುಂಡು ಕೇಕ್, ನಡುವೆ ದೊಡ್ಡ ಬಿರುಕು, ಒಂದು ಬದಿ ಸ್ವಲ್ಪ ಹೊತ್ತಿದೆ. ಪಕ್ಕದಲ್ಲಿ ಅಜ್ಜನ ತಟ್ಟೆ, ಖಾಲಿ. ಅವಳ ಬೆರಳಿನ ಮೇಲೆ ಬಾಣಲೆ ತಾಗಿದ ಕೆಂಪು ಗುರುತು ಕೂಡ ಫೋಟೋದ ಅಂಚಿನಲ್ಲಿ ಕಾಣುತ್ತಿತ್ತು. ಕೆಳಗೆ ಬರೆದಿದ್ದಳು: ‘ಖೋವಾ ಕೇಕ್.’

ಬೆಳಗಾವಿ ಕಾಕು: ಚಂದ. ಮೊಟ್ಟೆ ಹಾಕಿಲ್ಲ ತಾನೆ?

ಧಾರವಾಡ ಮಾಮಾ: ಎಷ್ಟು ಹೊತ್ತು ಹುರಿದೆ?

ಚಿನ್ನಿ: 35 ನಿಮಿಷ.

ಧಾರವಾಡ ಮಾಮಾ: ಬಣ್ಣ ಬಂದಿದೆ. ಇದನ್ನು ಧಾರವಾಡ ಪೇಡಾ ಕೇಕ್ ಅಂತಲೇ ಕರೆಯಬಹುದು.

ಚಿನ್ನಿ: ಆಗಲ್ಲ ಮಾಮಾ. ಜಿಐ ಇದೆ. ನಂಬರ್ 85.