ಹಂದಿಯಿಂದ ಶುರುವಾಗಿದ್ದು

ಬೆಳಿಗ್ಗೆ 6.40ಕ್ಕೆ ಚಿಕ್ಕಪ್ಪ ನಮ್ಮ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಹಂದಿಗಳ ಭಾಷೆ ಕಲಿತ ಕಂಪ್ಯೂಟರ್!’ ಕೆಳಗೆ ಅವರದೇ ಒಗ್ಗರಣೆ: ‘ನಮ್ಮನೆಗೂ ಒಂದು ಬೇಕು. ಇವಳ ಗೊಣಗಾಟ ಅರ್ಥ ಆಗಲ್ಲ.’

ಚಿಕ್ಕಮ್ಮನೂ ಅದೇ ಗುಂಪಲ್ಲಿದ್ದಾರೆ.

ಅಕ್ಕ: ‘ಎಲ್ಲಿ ಬಂದಿದೆ ಇದು? ಹೋದ ತಿಂಗಳು ನೀವು ಹಾಕಿದ ಕಷಾಯದ ಕಥೆ ಏನಾಯ್ತು ಚಿಕ್ಕಪ್ಪ?’

ಚಿಕ್ಕಪ್ಪ: ‘ನನಗೆ ಬಂದಿದ್ದು ಹಾಕಿದೆ. ಓದಿದವಳು ನೀನು, ಹುಡುಕು.’

ಹುಡುಕಿಯೇಬಿಟ್ಟಳು. ‘2022ರದ್ದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಯುರೋಪಿನ ಬೇರೆಯವರ ಜೊತೆ ಸೇರಿ ಮಾಡಿದ್ದು. 411 ಹಂದಿ, 7,414 ಕೂಗು. ಭಾಷೆ ಅಲ್ಲ. ಹಂದಿ ನೆಮ್ಮದಿಯಾಗಿದೆಯೋ ಸಂಕಟದಲ್ಲಿದೆಯೋ ಅಂತ ಅದರ ದನಿ ಕೇಳಿ ಕಂಪ್ಯೂಟರ್ ಹೇಳುತ್ತದೆ. ನೂರಕ್ಕೆ 92 ಸಲ ಸರಿ. ಖುಷಿಯಾದರೆ ಹಂದಿ ಚುಟುಕಾಗಿ ಗುರ್ ಅನ್ನುತ್ತದೆ, ಸಂಕಟಕ್ಕೆ ಕಿರುಚುತ್ತದೆ.’

ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮೆಸೇಜು ಇದೊಂದೇ. ಯಾರೂ ಓದಲಿಲ್ಲ.

ದೊಡ್ಡಪ್ಪ: ‘ಬೆಳಗಿನ ಹೊತ್ತು ಹಂದಿ ಸುದ್ದಿ ಬೇಕಾ? ಹೆತ್ತವರ ದನಿ ಕೇಳಲು ಪುರುಸೊತ್ತಿಲ್ಲ, ಹಂದಿಗೆ ಮೈಕ್ ಇಡುತ್ತಾರೆ.’

(ಅವರ ಮಗ ಎರಡು ವಾರದಿಂದ ಫೋನ್ ಮಾಡಿಲ್ಲ. ಎಲ್ಲರಿಗೂ ಗೊತ್ತು.)

ಮಗ: ‘ಅಪ್ಪಾ, ಮೀಟಿಂಗಲ್ಲಿದ್ದೇನೆ.’

ಅಕ್ಕ ಬಿಡಲಿಲ್ಲ. ‘ಒಂದೊಂದು ಶೆಡ್ಡಲ್ಲಿ ನೂರಾರು ಹಂದಿ ಇರುತ್ತವೆ ದೊಡ್ಡಪ್ಪ. ರಾತ್ರಿ ಕೆಮ್ಮು ಶುರುವಾದರೆ ಯಾರು ಕೇಳಿಸಿಕೊಳ್ಳುತ್ತಾರೆ? ಕೆಮ್ಮು ಗುರುತಿಸುವ ಮೈಕ್ ಅಲ್ಲಿ ಆಗಲೇ ಮಾರಾಟಕ್ಕಿದೆ.’

ಅತ್ತೆ ಮಗ: ‘ನಮ್ಮ ಅಜ್ಜಿಗೆ ಯಾವ ಮೈಕೂ ಬೇಕಿರಲಿಲ್ಲ ಕಣೇ. ಒಲೆ ಮುಂದೆ ಕೂತೇ ಹೇಳುತ್ತಿದ್ದಳು. ಗೌರಿ ಈ ಥರ ಕೂಗಿದರೆ ಬಾಯಾರಿಕೆ, ಆ ಥರ ಕೂಗಿದರೆ ಕರು ಹಗ್ಗ ಬಿಚ್ಚಿಕೊಂಡಿದೆ. ಆ ಗಿಣ್ಣು ನೆನಪಿದೆಯಾ?’

ಗಿಣ್ಣಿನ ಮೇಲೆ ಹನ್ನೊಂದು ಮೆಸೇಜು ಬಂತು. ಬೆಲ್ಲ ಹಾಕಬೇಕೋ ಸಕ್ಕರೆಯೋ ಅಂತ. ಅಲ್ಲಿಯವರೆಗೆ ಸುಮ್ಮನಿದ್ದ ಚಿಕ್ಕಮ್ಮ ಆಗ ಬಂದರು.

‘ಕರು ಮಾರಿದ ಮೇಲೆ ಗೌರಿ ಮೂರು ರಾತ್ರಿ ಕೂಗಿತಲ್ಲ, ಅದೂ ಅತ್ತೆಗೆ ಕೇಳಿಸಿತ್ತು. ಮಾರಿದವರಿಗೆ ಮಾತ್ರ ಕೇಳಿಸಲಿಲ್ಲ.’

ದೊಡ್ಡಪ್ಪ ಟೈಪ್ ಮಾಡುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು.

‘ಸಾಲ ಯಾರದಿತ್ತು ಅಂತ ನಿನ್ನ ಗಂಡನನ್ನೇ ಕೇಳಮ್ಮಾ.’

ಚಿಕ್ಕಪ್ಪ ಹಂದಿಯ ಫಾರ್ವರ್ಡನ್ನು ಅಳಿಸಿದರು. ತಡವಾಗಿತ್ತು.

ಚಿಕ್ಕಮ್ಮ: ‘ಸಾಲ ಇರಲಿ ಭಾವ. ಗೌರಿ ಕೊರಳಲ್ಲಿದ್ದ ಕಂಚಿನ ಗಂಟೆ ಈಗ ಯಾರ ಮನೆಯಲ್ಲಿದೆ?’

ನೋಡಿದವರು ಹತ್ತೊಂಬತ್ತು ಜನ. ಎಲ್ಲರೂ ಮೀಟಿಂಗಲ್ಲಿದ್ದಾರೆ.